ದಿನಾ ಒರೆಸಿದ್ರೆ ಗಾಡಿ ಹಾಳಾಗ್ತದೆ ಮಾರಾಯ್ರೆ

ಆಯುಧ ಪೂಜೆಗೆ ಒಂದು ವಾರ ಇರುವಾಗ ನನ್ನ ಗಾಡಿ ಪಾಲಿಶ್ ಶೆಡ್ಡಿಗೆ ಬರುವವರದ್ದೆಲ್ಲ ಒಂದೇ ಕಂಪ್ಲೇಂಟು. ಮಳೆಗಾಲ ಇಡೀ ಗಾಡಿ ಚಂಡಿ ಇತ್ತು, ಎಂತದೂ ಕಾಣ್ಲಿಲ್ಲ, ಈಗ ಬಿಸಿಲು ಬಂತಲ್ಲ, ಗೀರೆಲ್ಲ ಕಾಣ್ತಾ ಉಂಟು. ಹೋದ ಸಲ ಮಂಗಳೂರಿನ ಬೆಂದೂರ್‌ವೆಲ್ ಕಡೆಯವರೊಬ್ರು ಕಪ್ಪು ಐ20 ತಂದ್ರು, ಎರಡು ವರ್ಷ ಆಗ್ಲಿಲ್ಲ ಗಾಡಿಗೆ, ರಾತ್ರಿ ಪೆಟ್ರೋಲ್ ಬಂಕಿನ ಎಲ್‌ಇಡಿ ಲೈಟಿನಡಿ ನಿಲ್ಸಿದಾಗ ಬಾನೆಟ್ ತುಂಬ ಜೇಡರ ಬಲೆ ಕಂಡಿತಂತೆ. "ಯಾರು ಮಾರಾಯ್ರೆ ಇಷ್ಟು ಗೀರಿ ಹಾಕಿದ್ದು?" ಅಂತ ಕೇಳಿದ್ರು. ಗಾಡಿ ಒರೆಸುದು ಯಾರು ಅಂತ ನಾನು ಕೇಳಿದೆ. "ಫ್ಲ್ಯಾಟಿನ ವಾಚ್‌ಮ್ಯಾನ್, ಪಾಪ ಒಂದು ದಿನ ತಪ್ಪಿಸುದಿಲ್ಲ."

ಆ ತಪ್ಪಿಸದೇ ಇರುದೇ ಪ್ರಾಬ್ಲಮ್. ನಮ್ಮ ಊರಿನ ಕೆಂಪು ಧೂಳು ಮೆತ್ತಗಿನ ಪೌಡರ್ ಅಲ್ಲ, ಮುರಕಲ್ಲಿನ ಪುಡಿ, ಅದರಲ್ಲಿ ಹೊಯ್ಗೆಯ ಕಾಳೂ ಇರ್ತದೆ. ರಾತ್ರಿ ಇಬ್ಬನಿಗೆ ಅದು ಗಾಡಿ ಮೇಲೆ ಅಂಟಿ ಕೂತಿರ್ತದೆ, ಬೆಳಿಗ್ಗೆ ಒಂದೇ ಬಾಲ್ದಿ ನೀರಲ್ಲಿ ಇಪ್ಪತ್ತು ಗಾಡಿಗೆ ಅದ್ದಿದ ಹಳೇ ಬೈರಾಸು ಹಿಡ್ಕೊಂಡು ರಪರಪ ಅಂತ ಉಜ್ಜಿದ್ರೆ ಅದು ಒರೆಸಿದ್ದಲ್ಲ, ಸ್ಯಾಂಡ್ ಪೇಪರ್ ಹೊಡ್ದ ಹಾಗೆ. ಗಾಳಿಗೆ ಅಲ್ಲಾಡುವ ಗಾಡಿ ಕವರೂ ಅದೇ ಕೆಲ್ಸ ಮಾಡ್ತದೆ.

ಮತ್ತೆ, ಆ ಗೀರುಗಳು ನಿಜವಾಗಿ ರೌಂಡಿಗೆ ಇಲ್ಲ. ಉದ್ದಕ್ಕೆ ಅಡ್ಡಕ್ಕೆ ಎಲ್ಲ ದಿಕ್ಕಿಗೂ ಉಂಟು, ಆದ್ರೆ ಲೈಟಿಗೆ ಅಡ್ಡ ಇರುವಂಥದ್ದು ಮಾತ್ರ ಹೊಳೆಯುದ್ರಿಂದ ಬಲೆಯ ಹಾಗೆ ಕಾಣ್ತದೆ. ಟಾರ್ಚ್ ಸರಿಸಿ ನೋಡಿ, ಬಲೆಯೂ ಒಟ್ಟಿಗೆ ಸರಿತದೆ. ಬಿಳಿ ಗಾಡಿಯಲ್ಲೂ ಇಷ್ಟೇ ಇರ್ತದೆ, ಕಾಣುದಿಲ್ಲ ಅಷ್ಟೆ.

ಈಗ ಪಾಲಿಶ್ ವಿಷಯ. ಪಾಲಿಶ್ ಅಂದ್ರೆ ಎಂತದೋ ಹಚ್ಚಿ ಗೀರು ತುಂಬಿಸುದು ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಗ್ಲೇಜ್ ಹಚ್ಚಿ ಹಾಗೆ ಮುಚ್ಚಿ ಕೊಡುವವರೂ ಇದ್ದಾರೆ, ನಾಲ್ಕು ಸಲ ಶಾಂಪೂ ಹಾಕಿ ತೊಳೆದ್ರೆ ವಾಪಸ್ ಎದ್ದು ಬರ್ತದೆ. ಸರಿಯಾದ ಪಾಲಿಶ್ ಅಂದ್ರೆ ಕೆರೆಯುದು. ಕಂಪೆನಿ ಪೇಂಟ್ ಎಲ್ಲ ಪದರ ಸೇರಿ ಸುಮಾರು 100ರಿಂದ 140 ಮೈಕ್ರಾನ್, ಅಂದ್ರೆ ಒಂದು ಜೆರಾಕ್ಸ್ ಪೇಪರಿನಷ್ಟು ದಪ್ಪ ಅಂತ ಇಟ್ಕೊಳ್ಳಿ, ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಇದ್ರೆ ಹೆಚ್ಚು. ಬಣ್ಣವನ್ನು ಬಿಸಿಲಿಂದ ಕಾಪಾಡುದು ಅದೇ ಪದರ. ತೆಂಗಿನಕಾಯಿ ತುರಿವಾಗ ಚಿಪ್ಪಿನ ಹತ್ರದ ಕಂದು ಸಿಪ್ಪೆ ಬರ್ತದಲ್ಲ, ಹಾಗೆ ಇಲ್ಲಿ ಪಾಲಿಶ್ ಮೆಷಿನಿನ ಪ್ಯಾಡಿಗೆ ಗಾಡಿಯ ಬಣ್ಣ ಬಂತು ಅಂದ್ರೆ ಕಥೆ ಮುಗೀತು. ನನಗೆ ಸುರುವಿನ ವರ್ಷ ಆದದ್ದೇ ಹಾಗೆ, ಸೀದಾ ಗಿರಗಿರ ತಿರುಗುವ ರೋಟರಿ ಮೆಷಿನ್ ಹಿಡ್ಕೊಂಡು ಒಂದು ಕೆಂಪು ಗಾಡಿಯ ಬಾನೆಟ್ಟಿನ ಏಣಿನ ಮೇಲೆ, ಅಂದ್ರೆ ಉಬ್ಬಿದ ಗೆರೆ ಮೇಲೆ, ಎರಡು ಮೂರು ಸೆಕೆಂಡ್ ಹೆಚ್ಚು ನಿಲ್ಸಿದೆ, ಪ್ಯಾಡ್ ಕೆಂಪಾಯ್ತು, ಹೊಟ್ಟೆ ತಣ್ಣಗಾಯ್ತು. ಕೈಯಿಂದ ದುಡ್ಡು ಹಾಕಿ ಬಾನೆಟ್ ಪೇಂಟ್ ಮಾಡಿಸಿ ಕೊಟ್ಟೆ. ಈಗ ಅಂಥ ಉಬ್ಬು ಗೆರೆಗೆ, ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಹಾಕದೆ ಮೆಷಿನ್ ಆನ್ ಮಾಡುದಿಲ್ಲ.

ಐ20ಗೆ ಮಾಡಿದ್ದು ಹೇಳ್ತೇನೆ. ತೊಳೆದು ಆದ ಮೇಲೆ ಕೈಗೆ ಒಂದು ತೆಳು ಪ್ಲಾಸ್ಟಿಕ್ ತೊಟ್ಟೆ ಹಾಕ್ಕೊಂಡು ಬಾನೆಟ್ ಸವರಿದೆ, ಬರಿ ಕೈಗೆ ನೈಸ್ ಅನ್ಸುದು ತೊಟ್ಟೆ ಹಾಕಿದ್ರೆ ರವೆ ರವೆ ಅಂತ ಗೊತ್ತಾಗ್ತದೆ. ಅವರು ಕೆಲ್ಸಕ್ಕೆ ಹೋಗುದು ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾಕ್ಕೆ, ಗಾಡಿಗೆ ಅಂಟಿದ ಕಬ್ಬಿಣದ ಪುಡಿ ಕರಗಿಸುವ ಐರನ್ ರಿಮೂವರ್ ಹೊಡ್ದದ್ದೇ ನೇರಳೆ ನೀರು ಇಳೀತು. ಆಮೇಲೆ ಕ್ಲೇ, ಅಂದ್ರೆ ಉಳಿದ ರವೆ ಎತ್ತುವ ಜೇಡಿಯಂಥ ಮುದ್ದೆ. ಇದು ಬಿಟ್ಟು ಸೀದಾ ಪಾಲಿಶಿಗೆ ಇಳಿದ್ರೆ ಆ ರವೆಯೇ ಪ್ಯಾಡಿಗೆ ಸಿಕ್ಕಿ ಹೊಸ ಗೀರು ಹಾಕ್ತದೆ. ಮತ್ತೆ ಪೇಂಟಿನ ದಪ್ಪ ಅಳೆಯುವ ಗೇಜ್ ಇಟ್ಟು ಒಂದೊಂದು ಪ್ಯಾನೆಲ್ ನೋಡಿದೆ, ಎಲ್ಲ ಕಡೆ 110ರ ಆಸುಪಾಸು. ಎಲ್ಲಾದ್ರೂ ಒಂದು ಡೋರ್ ಮಾತ್ರ 250 ತೋರಿಸಿದ್ರೆ ಅದು ರೀಪೇಂಟ್ ಅಂತ ಲೆಕ್ಕ, ಸೆಕೆಂಡ್ ಹ್ಯಾಂಡ್ ತಗೊಂಡವರ ಮುಖ ಸಪ್ಪೆ ಆಗುದು ಆಗಲೇ. ಗೇಜ್ ಹೇಳುದು ಒಟ್ಟು ದಪ್ಪ, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತ ಅದೂ ಹೇಳುದಿಲ್ಲ, ಹಾಗಾಗಿ ಕೈ ಹಿಡಿದೇ ಕೆಲ್ಸ ಮಾಡ್ಬೇಕು.

ಮೊದ್ಲು ಎರಡಡಿ ಚೌಕದಲ್ಲಿ ಟೆಸ್ಟ್. ಮೆಷಿನ್ ಡಿಎ, ಅಂದ್ರೆ ತಿರುಗ್ತಾ ಒಟ್ಟಿಗೆ ಅಲ್ಲಾಡುವಂಥದ್ದು, ಸಾಫ್ಟ್ ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್ ನಾಲ್ಕು ಬೊಟ್ಟು, ಕಡ್ಲೆಕಾಳಿನಷ್ಟು. ಅಡ್ಡಕ್ಕೊಂದ್ಸಲ ಉದ್ದಕ್ಕೊಂದ್ಸಲ ನಿಧಾನ, ನಾಲ್ಕೈದು ಪಾಸ್. ಪ್ಯಾಡ್ ಹಿಂದಿನ ಪ್ಲೇಟಿಗೆ ನಾನು ಮಾರ್ಕರಲ್ಲಿ ಒಂದು ಗೆರೆ ಎಳೆದಿಟ್ಟಿದ್ದೇನೆ, ಗೆರೆ ತಿರುಗುದು ಕಾಣ್ತಾ ಇದ್ರೆ ಕಟ್ ಆಗ್ತಾ ಉಂಟು, ಗೆರೆ ನಿಂತಲ್ಲೇ ನಡುಗ್ತಾ ಇದ್ರೆ ಒತ್ತಿದ್ದು ಜಾಸ್ತಿ ಆಯ್ತು, ಮೆಷಿನ್ ಶಬ್ದ ಮಾತ್ರ, ಕೆಲ್ಸ ಇಲ್ಲ. ಆಮೇಲೆ ಐಪಿಎ, ಅಂದ್ರೆ ಎಣ್ಣೆ ತೆಗೆಯುವ ಸ್ಪಿರಿಟ್, ಹೊಡ್ದು ಒರೆಸಿ ಟಾರ್ಚ್ ಹಾಕ್ಬೇಕು, ಯಾಕಂದ್ರೆ ಪಾಲಿಶಿನ ಎಣ್ಣೆಯೇ ಗೀರು ಮುಚ್ಚಿ ಮೋಸ ಮಾಡ್ತದೆ. ಐ20ಯಲ್ಲಿ ಅರ್ಧ ಹೋಯ್ತು, ಅರ್ಧ ಉಳೀತು. ಹಾಗಾಗಿ ಒಂದು ಮೆಟ್ಟಿಲು ಮೇಲೆ, ಮೈಕ್ರೋಫೈಬರ್ ಪ್ಯಾಡಿಗೆ ಹೆಚ್ಚು ಕೆರೆಯುವ ಕಾಂಪೌಂಡ್, ಮತ್ತೆ ಪುನಃ ಫಿನಿಶಿಂಗ್. ಸೀದಾ ಕಾಂಪೌಂಡಿಂದ ಸುರು ಮಾಡುವ ಹುಡುಗ್ರಿಗೆ ನಾನು ಬೈಯುದು ಇದಕ್ಕೇ, ಸಣ್ಣದರಲ್ಲಿ ಆಗುವ ಕೆಲ್ಸಕ್ಕೆ ದೊಡ್ಡದು ಎಂತಕ್ಕೆ? ಬಿಸಿಲಿಗೆ ಕಾದ ಬಾನೆಟ್ ಮೇಲಂತೂ ಬೇಡವೇ ಬೇಡ, ಪಾಲಿಶ್ ಒಣಗಿ ಹಿಟ್ಟಾಗ್ತದೆ.

ಪೇಂಟ್ ಮೇಲೆ ಗಟ್ಟಿ ಪದರ ಆಗುವ ಸೆರಾಮಿಕ್ ಕೋಟಿಂಗ್ ಹಾಕಿಸಿದ್ರೆ ಗೀರು ಹೋಗ್ತದಾ ಅಂತ ಕೇಳ್ತಾರೆ. ಇಲ್ಲ, ಗೀರಿನ ಮೇಲೆ ಹಾಕಿದ್ರೆ ಗೀರು ಒಳಗೇ ಕೂತು ಹೊಳೀತದೆ. 9ಎಚ್ ಅಂತ ಬರೀತಾರಲ್ಲ, ಅದು ಪೆನ್ಸಿಲ್ ಲೆಡ್ಡಿನ ಗಟ್ಟಿತನದ ಅಳತೆ, ಕಲ್ಲಿನದ್ದಲ್ಲ. ಬೈರಾಸಿನ ಎದುರು ಅದೂ ಸೋಲ್ತದೆ.

ಎರಡು ದಿನ ಹಿಡೀತು. ಡ್ರೈವರ್ ಡೋರಿನ ಹ್ಯಾಂಡಲ್ ಕೆಳಗೆ ಒಂದು ಗೀರು ಬಿಟ್ಟಿದ್ದೆ, ಅವರು ಅದನ್ನೇ ಹುಡುಕಿ ತೋರಿಸಿದ್ರು. "ಉಗುರು ಎಳೆದು ನೋಡಿ ಸರ್, ಸಿಕ್ಕಿ ಹಾಕ್ಕೊಳ್ತದೆ. ಅದನ್ನು ತೆಗಿಲಿಕ್ಕೆ ಹೋದ್ರೆ ಸುತ್ತ ಇದ್ದದ್ದೂ ಹೋಗ್ತದೆ." ಉಗುರು ಎಳೆದು ನೋಡಿ ಆಯ್ತು ಅಂದ್ರು. ತೊಳಿಲಿಕ್ಕೆ ಮೊದ್ಲು ಬರೀ ನೀರು ಬಿಡಿ, ಎರಡು ಬಾಲ್ದಿ ಇಡಿ, ಒಂದು ಶಾಂಪೂವಿಗೆ, ಒಂದು ಕೈಗೆ ಹಾಕಿ ಗಾಡಿ ತೊಳೆಯುವ ಮಿಟ್ಟನ್ನು ತೊಳಿಲಿಕ್ಕೆ, ಒಣ ಗಾಡಿ ಮೇಲೆ ಬಟ್ಟೆ ತಾಗಿಸ್ಬೇಡಿ ಅಂತ ಹೇಳಿ ಕಳಿಸಿದೆ.

ಈಗ ಅವರು ವಾಚ್‌ಮ್ಯಾನಿಗೆ ತಿಂಗಳ ದುಡ್ಡು ಮೊದಲಿನ ಹಾಗೇ ಕೊಡ್ತಾರಂತೆ, ಟಯರ್ ಮಾತ್ರ ತೊಳಿಲಿಕ್ಕೆ.