ಲಿನಕ್ಸ್ ಹ್ಯಾಂಗ್ ಆದಾಗ, ಪವರ್ ಬಟನ್‌ಗೂ ಮೊದಲು

ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡವರು ನಾಲ್ಕಾರು ಮಂದಿ ಇದ್ದಾರೆ. ಮೇ ತಿಂಗಳು ಬಂತೆಂದರೆ ಎಲ್ಲರದೂ ಒಂದೇ ಮಾತು: "ಸೆಕೆಗೆ ಹ್ಯಾಂಗ್ ಆಗ್ತಿದೆ." ಮುಂಬಯಿ ಸೆಕೆಯ ಮೇಲೆ ಏನು ಹೊರಿಸಿದರೂ ನಡೆಯುತ್ತದೆ, ಅಲ್ವಾ? ಆದರೆ ಬಿಸಿ ಏರಿದರೆ ಪ್ರೊಸೆಸರ್ ಸಾಮಾನ್ಯವಾಗಿ ಮೊದಲು ವೇಗ ಇಳಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಮಷಿನ್ ತಾನೇ ಆಫ್ ಆಗುತ್ತದೆ. ಪರದೆ ಹಾಗೇ ನಿಂತುಬಿಟ್ಟರೆ ಬೇರೆ ಕಾರಣ ಹುಡುಕುವುದು ಒಳ್ಳೆಯದು.

ಒಳಗೆ ಇನ್ನೂ ಏನು ಓಡುತ್ತಿದೆ ಎಂದು ಮೊದಲು ನೋಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದಾಗ ಕಪ್ಪು ಪರದೆಯಲ್ಲಿ ಲಾಗಿನ್ ಕೇಳಿದರೆ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಗಟ್ಟಿಯಾಗಿದೆ. ಕೆಟ್ಟಿರುವುದು ಡೆಸ್ಕ್‌ಟಾಪ್ ಅಥವಾ ಗ್ರಾಫಿಕ್ಸ್ ಡ್ರೈವರ್. ಲಾಗಿನ್ ಬರುವುದಕ್ಕೇ ನಿಮಿಷಗಟ್ಟಲೆ ಹಿಡಿದರೆ, ಡಿಸ್ಕಿನ ದೀಪ ಬಿಡದೆ ಉರಿಯುತ್ತಿದ್ದರೆ, ಮೆಮೊರಿ ತುಂಬಿದೆ. 4 ಜಿಬಿ ರ್ಯಾಮ್‌ನಲ್ಲಿ ಬ್ರೌಸರ್ ತೆರೆದು ಕೂರುವವರ ಕಾಯಿಲೆ ಬಹುಪಾಲು ಇದೇ.

ರ್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ, ಅಂದರೆ ಸ್ವಾಪ್, ತೆಗೆದರೆ ಸರಿಹೋಗುತ್ತದೆ ಎಂದು ಸುಮ್ನೆ ಹೇಳುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಪ್ರೋಗ್ರಾಂಗಳ ಕೋಡ್ ಡಿಸ್ಕಿನ ಫೈಲ್‌ನಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಜಾಗ ಸಾಲದಾಗ ಕರ್ನಲ್ ಅದನ್ನು ರ್ಯಾಮ್‌ನಿಂದ ಬಿಸಾಡುತ್ತದೆ. ಮರುಕ್ಷಣವೇ ಅದು ಬೇಕಾಗುತ್ತದೆ, ಮತ್ತೆ ಡಿಸ್ಕಿನಿಂದ ಓದುತ್ತದೆ. ಸಂಜೆಯ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತವರು ಪ್ರತಿ ಸ್ಟೇಷನ್‌ನಲ್ಲೂ ಇಳಿದು, ದಾರಿ ಬಿಟ್ಟು, ಮತ್ತೆ ಹತ್ತುವ ಹಾಗೆ. ಸ್ವಾಪ್ ಇಲ್ಲದಿದ್ದರೂ ಈ ಇಳಿದು ಹತ್ತುವುದು ತಪ್ಪುವುದಿಲ್ಲ.

ಇಂಥ ಹೊತ್ತಿಗೆಂದೇ ಕರ್ನಲ್‌ನಲ್ಲಿ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಇದೆ. ದೊಡ್ಡ ಪ್ರೋಗ್ರಾಂ ಒಂದನ್ನು ಕೊಂದು ಜಾಗ ಬಿಡಿಸುವುದು ಅದರ ಕೆಲಸ. ತೊಂದರೆ ಏನೆಂದರೆ, ಚೂರುಪಾರು ಮೆಮೊರಿ ಸಿಗುತ್ತಿರುವ ತನಕ ಕರ್ನಲ್ ಅದನ್ನು ಎಬ್ಬಿಸುವುದಿಲ್ಲ. ಅಷ್ಟರಲ್ಲಿ ನಮ್ಮ ತಾಳ್ಮೆ ಮುಗಿದಿರುತ್ತದೆ. 2018ರ 4.20 ಕರ್ನಲ್‌ನಲ್ಲಿ, ಮೆಮೊರಿಗಾಗಿ ಕಾಯುತ್ತಾ ಎಷ್ಟು ಹೊತ್ತು ಹಾಳಾಯಿತು ಎಂದು ಅಳೆಯುವ ವ್ಯವಸ್ಥೆ ಬಂತು. ಸಿಸ್ಟಂಡಿ-ಓಓಎಂಡಿ ಎಂಬ ಪ್ರೋಗ್ರಾಂ ಆ ಅಳತೆ ನೋಡಿ ಮೊದಲೇ ಕೈಹಾಕುತ್ತದೆ. ಅರ್ಲಿಓಓಎಂ ಎಂಬ ಪುಟ್ಟ ಪ್ರೋಗ್ರಾಂ ಖಾಲಿ ಜಾಗವನ್ನಷ್ಟೇ ನೋಡುತ್ತದೆ. ಹಳೇ ಮಷಿನ್‌ಗೆ ನನಗೆ ಅದೇ ಇಷ್ಟ.

ನೀವೇ ಕೈಯಾರೆ ಕೊಲ್ಲಿಸಬಹುದು: ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದು ಎಫ್. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ಇದು ಹಾಗೇ ನಡೆಯದು. ಅಲ್ಲಿ ಈ ಕೀಗಳಿಗೆ ಅನುಮತಿ ಕೊಡುವ ಸಿಸ್‌ಆರ್‌ಕ್ಯು ಸೆಟ್ಟಿಂಗ್‌ನ ಬೆಲೆ 176, ಅಂದರೆ 16, 32, 128 ಸೇರಿ. ಡಿಸ್ಕಿಗೆ ಬರೆಯುವ ಎಸ್, ಬರೆಯುವುದನ್ನು ತಡೆಯುವ ಯು, ರೀಬೂಟ್ ಮಾಡುವ ಬಿ ಇವಕ್ಕಷ್ಟೇ ಅನುಮತಿ. 64 ಕೂಡಿಸಿ 240 ಮಾಡಿದರೆ ಎಫ್ ಕೂಡ ಕೇಳುತ್ತದೆ. ಪವರ್ ಬಟನ್ ಒತ್ತಿ ಹಿಡಿಯುವ ಬದಲು ಅದೇ ಎರಡು ಕೀ ಹಿಡಿದು ಎಸ್, ಯು, ಬಿ ಒಂದೊಂದಾಗಿ ಒತ್ತಿದರೆ ಫೈಲ್ ಕೆಡುವ ಭಯ ಕಡಿಮೆ.

ಮತ್ತೆ ಶುರುವಾದ ಮೇಲೆ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡ್‌ನಲ್ಲಿ ಹಿಂದಿನ ಬೂಟ್‌ನ ಕೊನೆಯ ಸಾಲುಗಳನ್ನು ಓದಿ. ಲಾಗ್ ಅರ್ಧಕ್ಕೇ ತುಂಡಾಗಿದ್ದರೆ ಹಾರ್ಡ್‌ವೇರ್ ಮೇಲೆ ಅನುಮಾನ ಪಡಬಹುದು. ಇಂಟೆಲ್‌ನ ಬೇ ಟ್ರೇಲ್ ಚಿಪ್‌ಗಳು ಆಳವಾದ ನಿದ್ದೆಯ ಸ್ಥಿತಿಗೆ ಹೋಗಿ ಹ್ಯಾಂಗ್ ಆಗುತ್ತಿದ್ದವು. ಆ ನಿದ್ದೆಯನ್ನು ಬೂಟ್ ಆಯ್ಕೆಯಲ್ಲಿ ತಡೆದರೆ ಸರಿಹೋಗುತ್ತಿತ್ತು. ರ್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಲು ಬಿಡಿ. ತಪ್ಪು ಕಂಡರೆ ರ್ಯಾಮ್‌ಗಳನ್ನು ಒಂದೊಂದಾಗಿ ಹಾಕಿ, ಕೆಟ್ಟದ್ದು ಯಾವುದೆಂದು ತಿಳಿದುಕೊಳ್ಳಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ಅದನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಡಿಡಿಆರ್3 ರ್ಯಾಮ್‌ನ ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ.