ರೆಕಮೆಂಡ್‌ಗೆ ಒಂದು ಸಿ, ಅಕಾಮಡೇಶನ್‌ಗೆ ಎರಡು ಯಾಕೆ?

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಬಂದು ರೂಮು ಮಾಡಿಕೊಂಡಿರುವ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರೇ ಜಾಸ್ತಿ. ಗ್ರಾಮರ್ ಹೇಗೋ ದಾಟುತ್ತಾರೆ. ಮುಗ್ಗರಿಸುವುದು ಸ್ಪೆಲಿಂಗಿನಲ್ಲಿ, ಅದರಲ್ಲೂ ಒಂದೇ ಅಕ್ಷರ ಜೋಡಿಯಾಗಿ ಬರುವ ಕಡೆ. "ಸರ್, ಅಟ್ರ್ಯಾಕ್ಟ್‌ಗೆ ಎರಡು ಟಿ ಯಾಕ್ರೀ? ಒಂದ ಸಾಕಿತ್ತಲ್ರೀ?"

ಕೇಳಬೇಕಾದ ಪ್ರಶ್ನೆಯೇ. ಉತ್ತರ ಇರುವುದು ಲ್ಯಾಟಿನ್‌ನಲ್ಲಿ, ಇಂಗ್ಲಿಷಿನ ಎಷ್ಟೋ ಶಬ್ದಗಳ ಮೂಲವಾದ ಹಳೆಯ ಭಾಷೆಯಲ್ಲಿ.

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ರಸ್ತೆ ತುಂಬ ಟ್ರ್ಯಾಕ್ಟರ್. ಲ್ಯಾಟಿನ್‌ನಲ್ಲಿ ಟ್ರಾಹೆರೆ ಅಂದರೆ ಎಳೆಯುವುದು. ಅದರ ಇನ್ನೊಂದು ರೂಪವೇ ಈ ಟ್ರ್ಯಾಕ್ಟ್. ಹೊರಗೆ ಎಳೆದರೆ ಎಕ್ಸ್‌ಟ್ರ್ಯಾಕ್ಟ್, ಕಬ್ಬಿನಿಂದ ರಸ ತೆಗೆಯುವುದೂ ಅದೇ. ಅಡಿಯಿಂದ ಎಳೆದುಬಿಟ್ಟರೆ ಸಬ್‌ಟ್ರ್ಯಾಕ್ಟ್, ಅಂದರೆ ಕಳೆಯುವ ಲೆಕ್ಕ. ಅತ್ತ ಇತ್ತ ಎಳೆದರೆ ಡಿಸ್ಟ್ರ್ಯಾಕ್ಟ್. ಮೊಬೈಲ್ ಹಿಡಿದು ಓದಲು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತನ್ನ ಕಡೆಗೆ ಎಳೆದರೆ ಅಟ್ರ್ಯಾಕ್ಟ್. ಇದು ಮೂಲದಲ್ಲಿ ಆ್ಯಡ್ + ಟ್ರ್ಯಾಕ್ಟ್. ಆ್ಯಡ್ ಅಂದರೆ 'ಕಡೆಗೆ'. ಡಿ ಬೆನ್ನಿಗೇ ಟಿ ಬಂದರೆ ನಾಲಿಗೆಗೆ ತ್ರಾಸು. ಹಾಗಾಗಿ ಡಿ ತಾನೂ ಟಿ ಆಯಿತು. ಸತ್ + ಜನ ಸೇರಿ ಸಜ್ಜನ ಆದದ್ದೂ ಹೀಗೇ ಅಲ್ವಾ? ಹೈಸ್ಕೂಲಿನಲ್ಲಿ ಶ್ಚುತ್ವ ಸಂಧಿ ಬಾಯಿಪಾಠ ಮಾಡಿದವರಿಗೆ ಇದೇನು ಹೊಸದಲ್ಲ. ಇಂಗ್ಲಿಷ್ ಮಾಧ್ಯಮದವರಿಗಿಂತ ನಮ್ಮವರಿಗೇ ಇದು ಬೇಗ ಹತ್ತುತ್ತದೆ ಎಂದು ನನ್ನ ಅನಿಸಿಕೆ.

ಈಗ ಅಕಾಮಡೇಶನ್. ಎರಡು ಸಿ, ಎರಡು ಎಂ. ಲಾಡ್ಜ್ ಬೋರ್ಡುಗಳಲ್ಲಿ ಒಂದು ಎಂ ಕಾಣೆಯಾಗಿರುವುದನ್ನು ನೀವೂ ನೋಡಿರುತ್ತೀರಿ. ಬಿಡಿಸಿದರೆ ಆ್ಯಡ್, ಕಮ್, ಮೋಡ್ ಎಂದು ಮೂರು ತುಂಡು. ಆ್ಯಡ್‌ನ ಡಿ ಪಕ್ಕದ ಸಿ ಜೊತೆ ಸೇರಿ ತಾನೂ ಸಿ ಆಗುತ್ತದೆ. ಕಮ್‌ನ ಕೊನೆಗೊಂದು ಎಂ, ಮೋಡ್‌ನ ಮೊದಲಿಗೊಂದು ಎಂ. ಲೆಕ್ಕ ಸರಿಹೋಯಿತು. ರೆಕಮೆಂಡ್ ಬಿಡಿಸಿ: ರೆ, ಕಮ್, ಮೆಂಡ್. ಇಲ್ಲಿ ಎಂ ಎರಡೇ, ಆದರೆ ರೆ ಕೊನೆಯಲ್ಲಿ ಸಿ ಆಗಲು ಯಾವ ವ್ಯಂಜನವೂ ಇಲ್ಲ. ಒಂದೇ ಸಿ. ಇನ್ಆ್ಯಕ್ಯುರೇಟ್‌ನಲ್ಲಿ ಇನ್ ಆದ ಮೇಲೆ ಸ್ವರ ಬರುತ್ತದೆ, ಅದಕ್ಕೇ ಎನ್ ಒಂದು. ಆಮೇಲೆ ಮತ್ತೆ ಆ್ಯಡ್ ಇರುವುದರಿಂದ ಸಿ ಎರಡು.

ಎಲ್ಲ ಕಡೆ ಹೀಗೇ ಬದಲಾಗುತ್ತದೆ ಎಂದಲ್ಲ. ಅಡ್ಮಿಟ್‌ನಲ್ಲಿ ಡಿ ಹಾಗೇ ಉಳಿದಿದೆ. ಕಿವಿಗೂ ಕೇಳುವುದರಿಂದ ಅದು ತೊಂದರೆ ಕೊಡುವುದಿಲ್ಲ.

ತೊಂದರೆ ಇರುವುದು ಶಬ್ದದ ಮೂಲವನ್ನು ಸುಮ್ನೆ ನೋಡಿ ಊಹಿಸುವುದರಲ್ಲಿ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ, ಫ್ರೆಂಚರ ಬಾಯಲ್ಲಿ ಸವೆದ ಲ್ಯಾಟಿನ್ ಶಬ್ದಗಳು ರಾಶಿಗಟ್ಟಲೆ ಇಂಗ್ಲಿಷಿಗೆ ಬಂದವು. ಅವುಗಳ ಗುರುತು ಹಿಡಿಯುವುದು ಕಷ್ಟ. ಟ್ರೈನ್ ಕೂಡ ಟ್ರಾಹೆರೆ ಮನೆತನದ್ದೇ. ಪೋರ್ಟ್ರೇಟ್ ಅಂದ ಕೂಡಲೇ ಹೊರುವ ಅರ್ಥದ ಪೋರ್ಟರ್, ಎಕ್ಸ್‌ಪೋರ್ಟ್‌ಗಳ ಸಂಬಂಧಿ ಅನಿಸುತ್ತದೆ. ಅಲ್ಲ, ಅದೂ ಟ್ರಾಹೆರೆಯದೇ. ಪ್ರೋ ಸೇರಿ 'ಎಳೆದು ಮುಂದೆ ತಂದದ್ದು'. ಸಂಶಯ ಬಂದರೆ ಒಳ್ಳೆಯ ಡಿಕ್ಷನರಿಯಲ್ಲಿ ಶಬ್ದದ ಮೂಲ ಕೊಟ್ಟಿರುತ್ತಾರೆ, ನೋಡಿ.

ಅಭ್ಯಾಸಕ್ಕೆ ರಪ್ಟ್ ತೆಗೆದುಕೊಳ್ಳಿ. ಅರ್ಥ 'ಮುರಿದದ್ದು'. ಕರಪ್ಟ್‌ಗೂ ಎರಡು ಆರ್, ಇಂಟರಪ್ಟ್‌ಗೂ ಎರಡು ಆರ್. ಒಂದರಲ್ಲಿ ಇನ್ನೊಂದು ಅಕ್ಷರ ಬದಲಾಗಿ ಆರ್ ಆಗಿದೆ, ಇನ್ನೊಂದರಲ್ಲಿ ಮೊದಲಿಂದಲೂ ಆರ್ ಇತ್ತು. ಯಾವುದು ಯಾವುದು, ಬಿಡಿಸಿ ನೋಡಿ.