ಕರ್ಣನ ಗೆಳೆತನ: ಮೂವರು ಕವಿಗಳ ಮಾತುಗಳನ್ನು ಬಿಡಿಸಿಕೊಂಡು ಓದಿದಾಗ

ಹಳಗನ್ನಡ ಅಂತ ಹೆದರಬೇಡಿ. ಪಂಪನ ಈ ಪದ್ಯವನ್ನು ಮೊದಲು ಎರಡು ಸಲ ಜೋರಾಗಿ ಓದಿಕೊಳ್ಳಿ. ಆಮೇಲೆ ಒಂದೊಂದೇ ಪದ ಬಿಡಿಸೋಣ.

ನೆತ್ತಮನಾಡಿ ಭಾನುಮತಿ ಸೋಲ್ತೊಡೆ ಸೋಲಮನೀವುದೆಂದು ಕಾಡುತ್ತಿರೆ
ಲಂಬಣಂ ಪಱಿಯೆ ಮುತ್ತಿನ ಕೇಡನೆ ನೋಡಿ ನೋಡಿ ಬೞ್ಕುತ್ತಿರೆ
ಯೇವಮಿಲ್ಲದಿವನಾಯ್ವುದೊ ತಪ್ಪದೆ ಪೇೞಿಮೆಂಬ
ಭೂಪೋತ್ತಮನಂ ಬಿಸುಟ್ಟಿರದೆ ನಿಮ್ಮೊಳೆ ಪೊಕ್ಕೊಡೆ ಬೇಡನಲ್ಲನೇ

ಇದು 941ರ ‘ವಿಕ್ರಮಾರ್ಜುನ ವಿಜಯ’ದ ಪದ್ಯ. ನಾವೆಲ್ಲ ‘ಪಂಪಭಾರತ’ ಅಂತ ಕರೆಯುವ ಕಾವ್ಯ. ಸಂಧಾನ ಮುರಿದುಬಿದ್ದಿದೆ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿ, ‘ನೀನು ಪಾಂಡವರಿಗೆಲ್ಲ ಹಿರಿಯ, ಬಾ’ ಅಂತ ಕರೆಯುತ್ತಾನೆ. ಅದಕ್ಕೆ ಕರ್ಣ ಕೊಡುವ ಉತ್ತರ ಇದು.

ನೆತ್ತ ಅಂದರೆ ಪಗಡೆ. ಭಾನುಮತಿ ದುರ್ಯೋಧನನ ಹೆಂಡತಿ. ಆಟದಲ್ಲಿ ಸೋತಳು. ಸೋಲಮನೀವುದು, ಅಂದರೆ ‘ಸೋತದ್ದನ್ನು ಕೊಡು’ ಅಂತ ಕಾಡುವಾಗ ಲಂಬಣ, ಅಂದರೆ ಮುತ್ತಿನ ಹಾರ, ಹರಿದುಹೋಯಿತು. ಮುತ್ತು ಚೆಲ್ಲಾಪಿಲ್ಲಿ. ಏವ ಅಂದರೆ ಬೇಸರ, ಸಿಟ್ಟು. ಅದು ಒಂದಿಷ್ಟೂ ಇಲ್ಲದೆ ದುರ್ಯೋಧನ ‘ಇವನ್ನು ಆಯ್ದುಕೊಡಲೋ, ಹೇಳಿ’ ಅಂದನಂತೆ. ಆಯ್ವುದು ಅಂದರೆ ಅಕ್ಕಿಯಲ್ಲಿ ಕಲ್ಲು ಆಯುತ್ತೇವಲ್ಲ, ಅದೇ ಪದ. ಇಂಥ ದೊರೆಯನ್ನು ಬಿಟ್ಟು ನಿಮ್ಮ ಕಡೆ ಸೇರಿದರೆ ನಾನು ಬೇಡನಲ್ಲವೇ ಅಂತ ಕರ್ಣ ಕೇಳುತ್ತಾನೆ. ಇಲ್ಲಿ ‘ಬೇಡ’ ಅನ್ನುವುದನ್ನು ಉಪಕಾರ ತಿಳಿಯದವನು ಅನ್ನುವ ಅರ್ಥದಲ್ಲಿ ಬಳಸಲಾಗಿದೆ.

ಪಗಡೆ ಆಡಿದವರು, ಕಾಡಿದವರು ಯಾರು ಅಂತ ವಿದ್ವಾಂಸರು ತುಂಬಾ ಚರ್ಚೆ ಮಾಡಿದ್ದಾರೆ. ಆಡಿದ್ದು ಕರ್ಣ ಅನ್ನುವುದು ಜಾಸ್ತಿ ಜನ ಒಪ್ಪುವ ಓದು. ನನಗೂ ಅದೇ ಸರಿ ಅನ್ನಿಸುತ್ತದೆ. ದುರ್ಯೋಧನ ಇದ್ದಕ್ಕಿದ್ದಂತೆ ಬಂದು ನಿಂತು, ಅನುಮಾನದ ಒಂದು ಮಾತೂ ಆಡದೆ ಮುತ್ತಿಗೆ ಕೈ ಹಾಕುತ್ತಾನೆ ಅಂದುಕೊಂಡರೆ ಮಾತ್ರ ಕೊನೆಯ ಸಾಲಿಗೆ ಅಷ್ಟು ತೂಕ ಬರುತ್ತದೆ.

ಗಮನಿಸಿದಿರಾ? ದುರ್ಯೋಧನ ಅಂಗರಾಜ್ಯ ಕೊಟ್ಟದ್ದನ್ನು ಕರ್ಣ ಈ ಪದ್ಯದಲ್ಲಿ ಎತ್ತುವುದೇ ಇಲ್ಲ. ನೆನಪು ಮಾಡಿಕೊಳ್ಳುವುದು ನೆಲದ ಮೇಲೆ ಬಿದ್ದ ಮುತ್ತುಗಳನ್ನು. ಇಡೀ ಟಿಪ್ಪಣಿಯಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಇದೇ ಸಂದರ್ಭ ಗದುಗಿನ ಕುಮಾರವ್ಯಾಸನಲ್ಲೂ ಇದೆ. ಹತ್ತನೇ ತರಗತಿಯಲ್ಲಿ ಓದಿದ ನೆನಪು ಹಲವರಿಗೆ ಇರಬಹುದು.

ಹೊರೆದ ದಾತಾರಂಗೆ ಹಗೆವರ
ಶಿರವನರಿದೊಪ್ಪಿಸುವೆನೆಂಬೀ
ಭರದೊಳಿರ್ದೆನು ಕೌರವೇಂದ್ರನ ಕೊಂದೆ ನೀನೆಂದ

ಇಲ್ಲಿ ಮಾತಿನ ಧಾಟಿಯೇ ಬೇರೆ. ‘ಹೊರೆದ ದಾತಾರ’ ಅಂದರೆ ಸಾಕಿದ ಒಡೆಯ. ಮುಂದೆ ‘ಕೌರವನ ಋಣ’, ‘ಪತಿಯವಸರ’ ಅನ್ನುವ ಮಾತೂ ಬರುತ್ತದೆ. ಪಂಪನ ಕರ್ಣ ಗೆಳೆಯನ ಬಗ್ಗೆ ಮಾತಾಡಿದರೆ, ಕುಮಾರವ್ಯಾಸನ ಕರ್ಣ ಅನ್ನದ ಋಣದ ಬಗ್ಗೆ ಮಾತಾಡುತ್ತಾನೆ. ‘ಕೌರವೇಂದ್ರನ ಕೊಂದೆ ನೀನು’ ಅನ್ನುವುದನ್ನು ಸುಮ್ನೆ ಬೈಗುಳ ಅಂತ ಓದಬೇಡಿ. ಪಾಂಡವರು ತಮ್ಮಂದಿರು ಅಂತ ಗೊತ್ತಾದ ಮೇಲೆ ಬಿಲ್ಲು ಮೊದಲಿನಂತೆ ಏಳುವುದಿಲ್ಲ. ಕರ್ಣನ ಕೈ ಸೋತರೆ ಕೌರವ ಉಳಿಯುವುದಿಲ್ಲ. ಅದನ್ನು ಕೃಷ್ಣನ ಮುಖಕ್ಕೇ ಹೇಳುತ್ತಿದ್ದಾನೆ.

ಕೊನೆಗೆ ‘ನಿನ್ನಯ ವೀರರೈವರ ನೋಯಿಸೆನು ರಾಜೀವಸಖನಾಣೆ’ ಅನ್ನುತ್ತಾನೆ. ರಾಜೀವ ಅಂದರೆ ತಾವರೆ, ಅದರ ಸಖ ಸೂರ್ಯ. ಅಪ್ಪ ಯಾರು ಅಂತ ಈಗಷ್ಟೇ ಗೊತ್ತಾಗಿದೆ. ಅಪ್ಪನ ಮೇಲೇ ಆಣೆ ಇಡುತ್ತಾನೆ. ಇಲ್ಲಿ ನಾನು ಪ್ರತಿ ಸಲವೂ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡುತ್ತೇನೆ.

ತಾಳಿಕೊಂಡು ನಿಲ್ಲುವುದರ ಬಗ್ಗೆ ಪಂಪನ ಮಾತು ಗೊತ್ತೇ ಇದೆ: ‘ಕುಲಂ ಕುಲಮಲ್ತು ಚಲಂ ಕುಲಂ ಗುಣಂ ಕುಲಂ ಅಭಿಮಾನಮೊಂದೆ ಕುಲಂ ಅಣ್ಮು ಕುಲಂ’. ಭೀಷ್ಮನಿಗೆ ಸೇನಾಪತಿ ಪಟ್ಟ ಕಟ್ಟುವ ಹೊತ್ತಿನಲ್ಲಿ, ಕುಲದ ಮಾತೆತ್ತಿದ ದ್ರೋಣನಿಗೆ ಕರ್ಣ ಕೊಟ್ಟ ಉತ್ತರ. ಅಣ್ಮು ಅಂದರೆ ಪರಾಕ್ರಮ. ಚಲ ಅಂದರೆ ನಾವು ಈಗ ಅನ್ನುವ ಛಲ. ಹಟ ಅಂತಷ್ಟೇ ಬರೆದರೆ ಅರ್ಥ ಸಣ್ಣದಾಗುತ್ತದೆ. ಹಿಡಿದದ್ದನ್ನು ಕಡೆವರೆಗೂ ಬಿಡದಿರುವುದು ಅನ್ನಿ. ಅದನ್ನು ‘ಗುಣ’ಕ್ಕಿಂತ ಮೊದಲು ಇಟ್ಟಿದ್ದಾನೆ.

ಇನ್ನು ಕೊನೆಯ ಮಾತುಗಳು. ಕರ್ಣ ಬಿದ್ದ ಮೇಲೆ ಪಂಪ ಕಥೆ ನಿಲ್ಲಿಸಿ ನಮ್ಮ ಕಡೆಗೇ ತಿರುಗುತ್ತಾನೆ:

ನೆನೆಯದಿರಣ್ಣ ಭಾರತದೊಳಿಂ ಪೆಱರಾರುಮನೊಂದೆ ಚಿತ್ತದಿಂ
ನೆನೆವೊಡೆ ಕರ್ಣನಂ ನೆನೆಯ

ಪೆಱರ್ ಅಂದರೆ ಬೇರೆಯವರು. ಬೇರೆ ಯಾರನ್ನೂ ನೆನೆಯಬೇಡಣ್ಣ, ನೆನೆಯುವುದಾದರೆ ಕರ್ಣನನ್ನು ನೆನೆ. ಪೂರ್ತಿ ಪದ್ಯದಲ್ಲಿ ಕರ್ಣನ ಹೆಸರು ಏಳು ಸಲ ಬರುತ್ತದೆ. ಎಂಟನೆಯ ಸಲ ‘ಕರ್ಣರಸಾಯನಮಲ್ತೆ ಭಾರತಂ’ ಅನ್ನುವಾಗ ‘ಕರ್ಣ’ ಅಂದರೆ ಕಿವಿ. ಈ ಕಾವ್ಯದ ನಾಯಕ ಅರ್ಜುನ. ಪಂಪನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದಾಗಿಸಿ ಬರೆದದ್ದು. ಅಂಥ ಕಾವ್ಯದಲ್ಲಿ ಈ ಪದ್ಯ ಬರೆಯಲು ಎಷ್ಟು ಧೈರ್ಯ ಬೇಕು ಅಲ್ವಾ?

ರನ್ನನ ‘ಗದಾಯುದ್ಧ’ದಲ್ಲಿ ಅಳುವ ಸರದಿ ದುರ್ಯೋಧನನದು. ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾ ಕರ್ಣನ ಹತ್ತಿರ ಬಂದು ನಿಲ್ಲುತ್ತಾನೆ.

ಆನಱಿವೆಂ ಪೃಥೆಯಱಿವಳ್
ದಾನವರಿಪುವಱಿವನರ್ಕನಱಿವಂ ದಿವ್ಯ
ಜ್ಞಾನಿ ಸಹದೇವನಱಿವಂ
ನೀನಾರ್ಗೆಂದಾರುಮಱಿಯರಂಗಾಧಿಪತೀ

ಆನ್ ಅಂದರೆ ನಾನು. ಪೃಥೆ ಕುಂತಿ. ದಾನವರಿಪು ಕೃಷ್ಣ. ಅರ್ಕ ಸೂರ್ಯ. ನೀನು ಯಾರ ಮಗ ಅಂತ ನಮಗೆ ಇಷ್ಟು ಜನಕ್ಕೆ ಬಿಟ್ಟರೆ ಯಾರಿಗೂ ತಿಳಿಯದು ಅನ್ನುತ್ತಾನೆ. ಪಟ್ಟಿಯಲ್ಲಿ ಮೊದಲು ಯಾರಿದ್ದಾರೆ ನೋಡಿ. ಹೆತ್ತ ತಾಯಿಗಿಂತ ಮೊದಲು ‘ಆನಱಿವೆಂ’. ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ಹಗೆಗಳ ಅಣ್ಣ ಅಂತ ಗೊತ್ತಿದ್ದೂ ನಂಬಿದ್ದ. ನನಗೆ ಈ ಪದ್ಯವನ್ನು ಮುತ್ತು ಆಯುವ ಪದ್ಯದಿಂದ ಬೇರೆಯಾಗಿ ಓದಲು ಆಗುವುದಿಲ್ಲ. ಕವಿಗಳು ಬೇರೆ, ಕಾವ್ಯ ಬೇರೆ. ಆದರೂ ಇಬ್ಬರ ದುರ್ಯೋಧನನೂ ಅನುಮಾನ ಪಡಬಹುದಾದ ಕಡೆ ಅನುಮಾನ ಪಡಲಿಲ್ಲ.

ಸಂದರ್ಭದೊಂದಿಗೆ ವಿವರಿಸಿ ಅನ್ನುವ ಪ್ರಶ್ನೆಗೆ ಬರೆಯುವಾಗ ಯಾರು ಯಾರಿಗೆ ಹೇಳಿದ್ದು ಅನ್ನುವುದನ್ನು ತಪ್ಪಿಸಬೇಡಿ. ನೆತ್ತದ ಪದ್ಯ ಕೃಷ್ಣನಿಗೆ, ಕುಲದ ಪದ್ಯ ದ್ರೋಣನಿಗೆ, ‘ನೆನೆಯದಿರಣ್ಣ’ ಓದುವ ನಮಗೆ. ರನ್ನನ ಪದ್ಯವಂತೂ ಕೇಳಿಸಿಕೊಳ್ಳಲಾಗದವನಿಗೆ.

ಪಂಪಭಾರತ ಮುಗಿಯುವ ಕಡೆ ಇನ್ನೊಂದು ಹೆಸರಾದ ಪದ್ಯ ಇದೆ. ಭಾರತದ ವೀರರನ್ನು ಒಬ್ಬೊಬ್ಬರಾಗಿ ಹೆಸರಿಸಿ, ಯಾರು ಯಾವುದರಲ್ಲಿ ದೊಡ್ಡವರು ಅಂತ ಹೇಳುವ ಪದ್ಯ. ಧರ್ಮರಾಯ, ಭೀಮ, ಅರ್ಜುನ, ದ್ರೋಣ, ಭೀಷ್ಮ ಎಲ್ಲರೂ ಅದರಲ್ಲಿ ಬರುತ್ತಾರೆ. ಶುರುವಾಗುವುದು ಹೀಗೆ: ‘ಚಲದೊಳ್ ದುರ್ಯೋಧನಂ ನನ್ನಿಯೊಳಿನತನಯಂ’. ನನ್ನಿ ಅಂದರೆ ಸತ್ಯ. ಇನತನಯ ಅಂದರೆ ಸೂರ್ಯನ ಮಗ, ಕರ್ಣ. ಗೆಳೆಯರಿಬ್ಬರೂ ಒಂದೇ ಸಾಲಿನಲ್ಲಿ, ಅಕ್ಕಪಕ್ಕ.